ಗಿಡ್ಡ ತುದಿಯ ಹುಡುಗಿ

"ಅಲ್ಲಾಡಬೇಡಿ ಮೇಡಂ. ನಕ್ಕರೂ ಚಿತ್ರ ಕೆಡುತ್ತೆ."

ಎಂಆರ್‌ಐ ಯಂತ್ರದೊಳಗೆ ಮಲಗಿದ್ದ ಅವಳ ಕಿವಿಗೆ ಬಿದ್ದ ಅವನ ಮೊದಲ ಮಾತು ಅದು. ನಗಬೇಡಿ ಎಂದರೆ ನಗು ಬರದೆ ಇರುತ್ತದೆಯೇ? ಮತ್ತೆ ಮತ್ತೆ ಚಿತ್ರ ಕೆಟ್ಟಿತು. ಅವನಿಗೆ ಒಮ್ಮೆಯೂ ಕೋಪ ಬರಲಿಲ್ಲ, ಅಲ್ಲೇ ಎಡವಟ್ಟಾಯಿತು ನೋಡಿ. ಅವಳಿಗೆ ಆ ದನಿ ಹಿಡಿಸಿಬಿಟ್ಟಿತು.

ಅವನು ಮೆದುಳಿನ ಚಿತ್ರ ತೆಗೆಯುವವನು. ಅವಳು ಅದೇ ಕಟ್ಟಡದ ಕೆಳಗಿನ ಲ್ಯಾಬಿನಲ್ಲಿ, ವಯಸ್ಸಾದಂತೆ ಸವೆಯುವ ವರ್ಣತಂತುಗಳ ತುದಿಯನ್ನು ರಕ್ತದಿಂದ ಅಳೆಯುವವಳು. ಆ ತುದಿಯ ಉದ್ದಕ್ಕೂ ಮೆದುಳಿನ ರಚನೆಗೂ ವಂಶವಾಹಿಯಲ್ಲೇ ನಂಟಿದೆಯೇ ಎಂದು ಹುಡುಕುವುದು ಇಬ್ಬರ ಕೆಲಸ. ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ಸಿಬ್ಬಂದಿಯದೇ ರಕ್ತ, ಸಿಬ್ಬಂದಿಯದೇ ತಲೆ. ಅದು ಅಲ್ಲಿನ ರೂಢಿ.

ಕ್ಯಾಂಟೀನಿನ ಕಾಫಿ ದಿನದಿಂದ ದಿನಕ್ಕೆ ಉದ್ದವಾಯಿತು. ಒಂದು ಮಧ್ಯಾಹ್ನ ಅವನು ಕೇಳಿಯೇಬಿಟ್ಟ.

"ತುದಿ ಮೇಡಂ, ನನ್ನನ್ನ ಮದುವೆ ಆಗ್ತೀರಾ?"

ಅಂದು ಬೆಳಿಗ್ಗೆಯೇ ಅವಳ ರಕ್ತದ ಫಲಿತಾಂಶ ಬಂದಿತ್ತು. ವಯಸ್ಸಿಗೆ ಇರಬೇಕಾದ್ದಕ್ಕಿಂತ ಗಿಡ್ಡ ತುದಿ. ತುದಿ ಗಿಡ್ಡವಾದಷ್ಟೂ ಮರೆವು ಬೇಗ ಬರಬಹುದು ಎಂದು ಅವಳು ಓದಿದ್ದಳು.

'ನನಗೆ ಬೇಗ ಮರೆವು ಹಿಡಿದು, ಇವನ ಮುಖವೇ ಮರೆತುಹೋದರೆ... ಗೊತ್ತಿದ್ದೂ ಇವನ ಬಾಳು ಹಾಳು ಮಾಡಲಾ?'

"ಬೇಡ," ಎಂದಷ್ಟೇ ಹೇಳಿ ಎದ್ದುಹೋದಳು. ತಾನು ಅವಳಿಗೆ ಇಷ್ಟವಿಲ್ಲವೆಂದೇ ಅವನು ತಿಳಿದ. ಆಮೇಲೆ ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ.

ಒಂದು ಸಂಜೆ ಮನೆಯಲ್ಲಿ ಇಸ್ಪೀಟು ಹಂಚುತ್ತಿದ್ದ ಅಜ್ಜಿ ಮೊಮ್ಮಗಳ ಸಪ್ಪೆ ಮುಖ ನೋಡಿ ಬಾಯಿ ಬಿಡಿಸಿದರು. ಎಲ್ಲ ಕೇಳಿ, "ನಾನೂ ನಿಮ್ಮ ಲ್ಯಾಬಿಗೆ ರಕ್ತ ಕೊಟ್ಟಿದ್ನಲ್ಲ, ನಂದೆಷ್ಟು?" ಎಂದರು.

"ನಿನ್ನ ವಯಸ್ಸಿನವರಲ್ಲೇ ತೀರಾ ಗಿಡ್ಡ ಅಜ್ಜಿ."

"ಹೌದಾ? ಮತ್ತೆ ನಿನ್ನ ಕೈಲಿ ಯಾವ್ಯಾವ ಎಲೆ ಇದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ನೀನು ಚಿಕ್ಕವಳಿದ್ದಾಗ ಹೇಳಿದ ಸುಳ್ಳೆಲ್ಲ ನೆನಪಿದೆ. ರಕ್ತ ತಗೊಳ್ಳೋವಾಗ ನಂಗೆ ಏನಂದಿದ್ದೆ, ಹೇಳು."

ಅವಳ ಕೆನ್ನೆ ಕೆಂಪಾಯಿತು. ಬಂದವರಿಗೆಲ್ಲ ಅವಳು ಹೇಳುವ ಮಾತದು: ಇದು ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಕಾಣುವ ಸಣ್ಣ ನಂಟು, ಒಬ್ಬರ ಹಣೆಬರಹ ಅಲ್ಲ.

"ಊರಿಗೆಲ್ಲ ಹೇಳೋ ಬುದ್ಧಿ ನಿನಗಿಲ್ವೇನೇ? ಮರೆತರೆ ಮರೀತೀಯ. ನೆನಪು ಮಾಡೋಕೆ ಪಕ್ಕದಲ್ಲಿ ಒಬ್ಬ ಇರಲಿ ಅಂತ ತಾನೇ ಮದುವೆ ಆಗೋದು?"

ಮರುದಿನ ಯಂತ್ರದೊಳಗೆ ಮಲಗುವ ಸರದಿ ಅವನದು. ಮೈಕಿನ ಮುಂದಿದ್ದ ಸಹೋದ್ಯೋಗಿಯನ್ನು ಎಬ್ಬಿಸಿ ಅವಳೇ ಕುಳಿತಳು.

"ಅಲ್ಲಾಡಬೇಡಿ," ಎಂದಳು. "ಸುಮ್ನೆ ಕೇಳಿ. ನನ್ನ ತುದಿ ಗಿಡ್ಡ. ಅದಕ್ಕೆ ಹೆದರಿ ಬೇಡ ಅಂದೆ. ನೀವಂದ್ರೆ ನಂಗೆ ಪ್ರಾಣ... ಮುಂದೆ ನಾನೇನಾದ್ರೂ ಮರೆತರೆ, ನೆನಪು ಮಾಡ್ತೀರಾ?"

ಪರದೆಯ ಮೇಲಿನ ಮೆದುಳು ಪೂರಾ ಕಲಸಿಹೋಯಿತು. ಅವನು ಜೋರಾಗಿ ತಲೆಯಾಡಿಸಿದ್ದ!

"ಚಿತ್ರ ಕೆಡ್ತು ರೀ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ಕೆಡಲಿ ಬಿಡಿ. ಇನ್ನೊಂದ್ಸಲ ಹೇಳಿ... ಈ ಸಲ ಅಲ್ಲಾಡಲ್ಲ."

ಅವಳು ಹೇಳಿದಳು. ಅವನು ಮತ್ತೆ ಅಲ್ಲಾಡಿದ.