ಡೆಸ್ ಬಿಟ್ಟುಹೋದ ರೈಫಲ್

ನ್ಯೂಜಿಲೆಂಡಿನ ಗ್ರೇಮೌತ್‌ನಲ್ಲಿ ನಾನು ಹಳೆಯ ಬೇಟೆ ಬಂದೂಕುಗಳನ್ನು ಕೊಂಡು ಮಾರುತ್ತೇನೆ. ಎಲ್ಲರೂ ಕೇಳುವ ಕಂಪನಿಯದಾದರೆ ಅರ್ಧ ಬೆಲೆ ಹೆಸರಿಗೇ ಹೋಗುತ್ತದೆ. ನಳಿಗೆ ಸವೆದಿದೆಯೇ ಎಂದು ನೋಡುವವರು ಕಡಿಮೆ.

ಇಲ್ಲಿ ಜುಲೈ ಎಂದರೆ ನಡುಚಳಿಗಾಲ. ಆ ಜುಲೈ ಚಳಿಯಲ್ಲಿ ನೈರಿ ತಮ್ಮ ಗಂಡ ಡೆಸ್‌ನ ರೈಫಲ್ ತಂದರು. ಹಿಂದಿನ ವರ್ಷ ಜಿಂಕೆ ಬೇಟೆಗೆ ಹೋದ ಡೆಸ್ ಮರಳಿರಲಿಲ್ಲ. ಮರಕ್ಕೆ ಒರಗಿಸಿಟ್ಟಿದ್ದ ಇದೊಂದೇ ಸಿಕ್ಕಿತ್ತು.

“ಇದು ಮನೇಲಿದ್ರೆ ನಿದ್ದೆ ಬರಲ್ಲ ಮರ್ವ್. ಎಷ್ಟಾದ್ರೂ ಕೊಡು, ತಗೊಂಡ್ಬಿಡು.”

“ಹಾಗೆಲ್ಲ ನಿಮ್ಗೆ ಮೋಸ ಮಾಡಲ್ಲ. ಹೊಡೆದು ನೋಡಿ ಬೆಲೆ ಹೇಳ್ತೀನಿ, ಬನ್ನಿ.”

ಇಬ್ಬರೂ ನದಿಬಯಲಿಗೆ ಹೋದೆವು. ಮಧ್ಯಾಹ್ನವಾದರೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಗುಂಡು ತುಂಬುವ ಮೊದಲೇ ನಳಿಗೆ ಬೆಚ್ಚಗಿತ್ತು. ಗುರಿಹಲಗೆಗೆ ಒಂದು ಗುಂಡು ಹೊಡೆದೆ. ಪ್ರತಿಧ್ವನಿ ಪೂರ್ತಿ ಅಡಗಿದ ಮೇಲೆ ಆಚೆ ದಡದ ಕಾಡಿನಿಂದ ಇನ್ನೊಂದು ಗುಂಡಿನ ಸದ್ದು ಬಂತು. ಮತ್ತೆ ಹೊಡೆದೆ. ಮತ್ತೆ ಉತ್ತರ ಬಂತು, ಈ ಸಲ ಹತ್ತಿರದಿಂದ.

“ಯಾರೋ ಬೇಟೆಗೆ ಬಂದಿರ್ಬೇಕು,” ಎಂದೆ.

“ದಾರಿ ತಪ್ಪಿದ್ರೆ ಹಿಂಗೇ ಉತ್ತರ ಕೊಡ್ತೀನಿ ಅಂತಿದ್ದ ಡೆಸ್,” ನೈರಿ ಪಿಸುಗುಟ್ಟಿದರು. “ಇನ್ನೊಂದ್ಸಲ ಹೊಡಿ.”

ನನ್ನ ಬೆರಳು ಬಗ್ಗಲಿಲ್ಲ. ಅವರು ರೈಫಲ್ ಕಸಿದುಕೊಂಡು ಎದೆಗವಚಿಕೊಂಡರು. “ಇದನ್ನ ಮಾರಲ್ಲ ಮಾರಾಯ.”

ನೀರು ದಾಟಿ ಹುಡುಕಿದೆವು. ಯಾರೂ ಇರಲಿಲ್ಲ. ಹೆಜ್ಜೆ ಗುರುತೇ ಇಲ್ಲದ ಬಿಳಿ ನೆಲದ ಮೇಲೆ ಎರಡು ಖಾಲಿ ತೋಟಾ ಬಿದ್ದಿದ್ದವು. ಗುಂಡು ಸಿಡಿಸುವ ಮೊಳೆ ತೋಟಾದ ಬುಡದಲ್ಲಿ ಗುರುತು ಬಿಡುತ್ತದೆ. ಒಂದು ರೈಫಲ್ಲಿನ ಗುರುತು ಇನ್ನೊಂದರಂತೆ ಇರುವುದಿಲ್ಲ. ನಾನು ಹೊಡೆದ ತೋಟಾಗಳ ಪಕ್ಕದಲ್ಲಿ ಅವನ್ನಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ನಾಲ್ಕರಲ್ಲೂ ಒಂದೇ ಗುರುತಿತ್ತು.