ಕೆಂಡದ ಗಿರಾಕಿ

"ಮುಟ್ಟಬೇಡಿ... ಸುಡುತ್ತೆ!"

ತಾನು ರಿಪೇರಿಗೆ ತಂದ ಲ್ಯಾಪ್‌ಟಾಪಿನತ್ತ ಅವಳು ಕೈ ಚಾಚುತ್ತಲೇ ಅವನು ಅವಳ ಮಣಿಕಟ್ಟು ಹಿಡಿದೇಬಿಟ್ಟಿದ್ದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕೈ ಬಿಡಿ," ಎಂದಳು ಅವಳು. "ಸುಡೋದನ್ನ ಮುಟ್ಟೋದೇ ನನ್ನ ಕೆಲಸ."

ಅವನ ಕಿವಿ ಕೆಂಪಾಯಿತು. ಕೈ ಬಿಟ್ಟ. ಬಿಡುವ ಮುನ್ನ ಒಂದು ಗಳಿಗೆ ತಡಮಾಡಿದನೋ ಏನೋ... ಅವಳಿಗೆ ಹಾಗನ್ನಿಸಿತು. ಛೆ, ಹಾಗನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು!

ಚಿಕ್ಕಪ್ಪನ ಲ್ಯಾಪ್‌ಟಾಪ್ ಅಂಗಡಿಯಲ್ಲಿ ರಿಪೇರಿ ಮೇಜಿಗೆ ಕೂರುವ ಒಬ್ಬಳೇ ಹೆಣ್ಣುಮಗಳು ಅವಳು. ಮೂಗಿನ ತುದಿಯಲ್ಲೇ ಕೋಪ, ಅದಕ್ಕೇ ಎಲ್ಲರ ಬಾಯಲ್ಲೂ 'ಮೆಣಸಿನಕಾಯಿ'. ಆ ಮೇಜು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. "ಹುಡುಗಿ ಬಿಲ್ ಬರೀಲಿ, ಸಾಕು" ಎಂದಿದ್ದ ಚಿಕ್ಕಪ್ಪನ ಜೊತೆ ಜಗಳವಾಡಿ, ಊಟ ಬಿಟ್ಟು, ಹಟ ಹಿಡಿದು ಗಿಟ್ಟಿಸಿಕೊಂಡದ್ದು.

ಲ್ಯಾಪ್‌ಟಾಪ್ ಬಿಚ್ಚಿದಳು. ಫ್ಯಾನಿನ ಧೂಳು ತೆಗೆದಳು. ಚಿಪ್‌ನ ಬಿಸಿ ಎಳೆಯಲು ಹಚ್ಚುವ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದಳು. ದಿನವಿಡೀ ಮೇಜಿನ ಮೇಲೆ ಓಡಿಸಿದರೂ ತಣ್ಣಗೇ ಇತ್ತು.

ಆದರೆ ಮುಂದಿನ ವಾರವೇ ಅವನು ಮತ್ತೆ ಬಂದ. ಲ್ಯಾಪ್‌ಟಾಪ್ ಕೆಂಡದ ಹಾಗೆ ಸುಡುತ್ತಿತ್ತು!

ಈ ಸಲ ಗಾಳಿ ಹೋಗುವ ಜಾಲರಿಯಲ್ಲಿ ಕೆಂಪು ಬಟ್ಟೆಯ ನೂಲು ಸಿಕ್ಕಿಕೊಂಡಿತ್ತು.

"ಹಾಸಿಗೆ ಮೇಲೆ ಇಟ್ಕೊಂಡು ಕೆಲಸ ಮಾಡ್ತೀರಾ?"

"ಇಲ್ಲ... ಇಲ್ಲಪ್ಪ! ಮೇಜಿನ ಮೇಲೇನೇ."

"ಏನು ಕೆಲಸ?"

"ಅದು... ಸುಮ್ನೆ, ಕಂಪ್ಯೂಟರ್ ಕೆಲಸ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಿತ್ತು ಅವನ ಮುಖ.

ಮತ್ತೆ ಸರಿಮಾಡಿ ಕೊಟ್ಟಳು. ಅವನು ಹೋದ ಮೇಲೆ ಚಿಕ್ಕಪ್ಪ ಕನ್ನಡಕ ತೆಗೆದರು.

"ಇದು ಮತ್ತೆ ಬಿಸಿ ಆಗುತ್ತೆ ನೋಡ್ತಿರು. ನಾಳೆಯೊಳಗೆ ಕಾರಣ ಹೇಳು. ಇಲ್ಲಾಂದ್ರೆ ಬಿಲ್ ಕೌಂಟರಿಗೆ ನಡಿ."

"ತಪ್ಪು ನನ್ನ ಕೈಯದಲ್ಲ ಚಿಕ್ಕಪ್ಪ. ಅವರು ಬಳಸೋ ರೀತೀಲೇ ಏನೋ ಇದೆ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ!"

ಪಕ್ಕದ ಮೇಜಿನ ಮೊಬೈಲ್ ರಿಪೇರಿಯವನು ಕಿಸಕ್ಕನೆ ನಕ್ಕ. "ಆ ಕೆಂಡದ ಗಿರಾಕಿ ನಿನ್ನ ನೋಡೋಕೆ ಬೇಕಂತಲೇ ಬಿಸಿ ಮಾಡ್ಕೊಂಡು ಬರ್ತಾನೆ ಕಣೇ!"

ಅವಳ ಎದೆಯಲ್ಲಿ ಏನೋ ಚುಚ್ಚಿತು. ಹಾಗಾದರೆ ನನ್ನ ಮೇಜು ಅವನಿಗೊಂದು ಆಟವಾ? ಇರಲಿ... ಇವತ್ತೇ ವಿಚಾರಿಸ್ತೀನಿ!

ಮಧ್ಯಾಹ್ನವೇ ಬಿಲ್ಲಿನಲ್ಲಿದ್ದ ವಿಳಾಸ ಹುಡುಕಿಕೊಂಡು ಹೊರಟಳು. ಬಾಗಿಲು ತೆರೆದದ್ದು ಅವನ ಅಕ್ಕ.

"ಲ್ಯಾಪ್‌ಟಾಪ್ ಅಂಗಡಿಯಿಂದ ಬಂದೆ. ಅವರಿದ್ದಾರಾ?"

"ನನ್ನ ತಮ್ಮನಾ? ಬೀರುವಿನಲ್ಲಿದ್ದಾನೆ, ಹೋಗಮ್ಮ."

"ಬೀರುವಿನಲ್ಲಾ?!"

ಒಳಕೋಣೆಯಲ್ಲಿ ದೊಡ್ಡದೊಂದು ಮರದ ಬೀರು. ಅದರೊಳಗಿನಿಂದ ಒಬ್ಬ ಮುದುಕ ಗದರುತ್ತಿದ್ದ. ಮರುಕ್ಷಣವೇ ಒಂದು ಹುಡುಗಿ ಬಿಕ್ಕಿದಳು. ತಾಯಿಯೊಬ್ಬಳು ಅವಳನ್ನು ಸಮಾಧಾನ ಮಾಡಿದಳು. ಮೂರೂ ಒಂದೇ ಗಂಟಲು... ಅವನದೇ! ಜಗಳಕ್ಕೆ ಬಂದವಳು ನಿಂತಲ್ಲೇ ನಿಂತು ಕೇಳಿದಳು. ಯಾವಾಗ ಕಣ್ಣು ತುಂಬಿತೋ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ಬಾಗಿಲು ಎಳೆದಳು. ತೂಗುಹಾಕಿದ ಅಂಗಿಗಳ ನಡುವೆ, ಕೆಂಪು ರಜಾಯಿ ಹೊದ್ದು, ಮೈಕ್ ಹಿಡಿದು ಅವನು ಕೂತಿದ್ದ. ಅದೇ ರಜಾಯಿಯ ಅಂಚಿನಲ್ಲಿ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಸುತ್ತಿಟ್ಟಿದ್ದ.

"ಕಥೆಗಳನ್ನ ಓದಿ ರೆಕಾರ್ಡ್ ಮಾಡ್ತೀನಿ," ಎಂದ ಬೆವರೊರೆಸುತ್ತ. "ಫ್ಯಾನಿನ ಸದ್ದು ಮೈಕಿಗೆ ಬೀಳುತ್ತೆ... ಅದಕ್ಕೇ ಮುಚ್ಚಿಡ್ತೀನಿ."

"ಮುಚ್ಚಿಟ್ಟರೆ ಬಿಸಿ ಆಗದೆ ಇನ್ನೇನಾಗುತ್ತೆ? ನಿಮ್ಮ ಸುಳ್ಳಿಗೆ ನಾಳೆ ನನ್ನ ಮೇಜು ಹೋಗ್ತಿದೆ! ನನ್ನ ಹತ್ರ ನಿಜ ಹೇಳೋಕೇನಾಗಿತ್ತು?"

ಅವನ ಮುಖ ಬಾಡಿತು. "ಮದುವೆ ಗೊತ್ತಾಗಿದ್ದ ಹುಡುಗಿ ಇದನ್ನ ನೋಡಿ ನಕ್ಕು ಹೊರಟುಹೋದ್ಲು. ಅವಳ ಊರಲ್ಲೆಲ್ಲ ಹೇಳಿದ್ಲು. ನೀವೂ ನಕ್ಕುಬಿಟ್ರೆ ಅಂತ... ದಯವಿಟ್ಟು ಅಂಗಡೀಲಿ ಹೇಳಬೇಡಿ."

ಅವಳು ನಗಲಿಲ್ಲ.

"ಲ್ಯಾಪ್‌ಟಾಪ್ ಬೀರುವಿನ ಹೊರಗಿಡಿ. ಮೈಕಿಗೆ ಉದ್ದನೆಯ ತಂತಿ ಹಾಕಿ. ಅಷ್ಟೇ," ಎಂದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಹೇಳಲ್ಲ. ಮಾತು ಕೊಟ್ಟೆ."

ಬೀದಿಗೆ ಬಂದ ಮೇಲಷ್ಟೇ ತಾನು ಏನನ್ನು ಬಿಟ್ಟುಕೊಟ್ಟೆ ಎಂದು ಅವಳಿಗೆ ಹೊಳೆದದ್ದು.

ಮರುದಿನ ಚಿಕ್ಕಪ್ಪ ಎಲ್ಲರೆದುರಿಗೇ ಕೇಳಿದರು. "ಕಾರಣ ಸಿಕ್ತಾ?"

"ಸಿಕ್ತು. ಇನ್ನು ಬಿಸಿ ಆಗಲ್ಲ."

"ಏನದು?"

"ಹೇಳಲ್ಲ. ಇನ್ನೊಬ್ಬರ ಮನೆ ವಿಷಯ."

"ಹಾಗಾದ್ರೆ ಕೌಂಟರಿಗೆ ನಡಿ!"

"ನನ್ನ ಕೆಲಸದ ಮೇಲೆ ನಂಬಿಕೆ ಇದ್ರೆ ಈ ಮೇಜಲ್ಲಿ ಕೂರ್ತೀನಿ. ಇಲ್ಲಾಂದ್ರೆ ಬಿಲ್ ಬರಿಯೋಕೂ ನಾನಿರಲ್ಲ ಚಿಕ್ಕಪ್ಪ."

ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು. ತಲೆ ಮಾತ್ರ ತಗ್ಗಿಸಲಿಲ್ಲ.

"ಯಜಮಾನ್ರೇ!"

ಬಾಗಿಲಲ್ಲಿ ಅವನು ನಿಂತಿದ್ದ. ಇಡೀ ಅಂಗಡಿ ತುಂಬುವ ದನಿಯಲ್ಲಿ ಹೇಳಿದ.

"ತಪ್ಪು ಅವರದಲ್ಲ. ನಾನು ಬೀರುವಿನೊಳಗೆ ಕೂತು, ರಜಾಯಿ ಹೊದ್ದು, ಲ್ಯಾಪ್‌ಟಾಪ್‌ಗೂ ಹೊದಿಸಿ ಕಥೆ ಓದ್ತೀನಿ. ಹುಡುಗಿಯರ ದನೀಲಿ ಅಳ್ತೀನಿ ಕೂಡ. ನಗೋರು ನಗಿ!"

ಮೊಬೈಲ್ ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲಲ್ಲಿದ್ದವನು ಅಲುಗಾಡದೆ ನಿಂತೇ ಇದ್ದ.

ಚಿಕ್ಕಪ್ಪ ನಗಲಿಲ್ಲ. ಅಣ್ಣನ ಮಗಳನ್ನೇ ನೋಡಿದರು. "ಇದನ್ನ ಹೇಳಿ ಮೇಜು ಉಳಿಸ್ಕೋಬಹುದಿತ್ತಲ್ಲೇ?"

"ಮಾತು ಕೊಟ್ಟಿದ್ದೆ."

ಅವರು ಅವಳ ಚೀಲವನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟರು. "ಕೂತ್ಕೋ ಹೋಗು. ಕೆಲಸ ರಾಶಿ ಬಿದ್ದಿದೆ. ಇನ್ನು ಮೇಲೆ ಈ ಮೇಜಿನ ತಂಟೆಗೆ ನಾನು ಬರಲ್ಲ."

ಅವಳು ಕೂರಲಿಲ್ಲ. ಆಗಲೇ ಬೀದಿಗಿಳಿದಿದ್ದ ಅವನ ಹಿಂದೆ ದಡದಡನೆ ಹೊರಗೆ ಬಂದಳು.

"ನನ್ನ ಕಾಪಾಡೋಕೆ ನಿಮ್ಮನ್ನ ಯಾರು ಕರೆದ್ರು? ನನ್ನ ಜಗಳ ನಾನೇ ಆಡ್ತಿದ್ದೆ!"

"ಗೊತ್ತು. ಅದಕ್ಕೆ ಬಂದಿಲ್ಲ. ನಿಮ್ಮ ಹತ್ರ ಸುಳ್ಳು ಹೇಳ್ಕೊಂಡು ಇರೋಕಾಗಲ್ಲ ನನಗೆ. ಇನ್ನೂ ಒಂದು ನಿಜ ಬಾಕಿ ಇದೆ."

"ಏನು?"

"ನಮ್ಮ ಬೀದೀಲೇ ಒಂದು ರಿಪೇರಿ ಅಂಗಡಿ ಇದೆ... ಎರಡನೇ ಸಲ ಅಲ್ಲಿಗೇ ಹೋಗಬಹುದಿತ್ತು. ಕಾಲು ಇಲ್ಲಿಗೆ ಬಂತು."

ಅವಳ ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ! ಆದರೂ ಬಿಟ್ಟುಕೊಡುವವಳಲ್ಲ.

"ನಾನು ಜಗಳಗಂಟಿ."

"ನೋಡಿದ್ದೀನಿ."

"ಸೋಲೋದು ಗೊತ್ತಿಲ್ಲ ನನಗೆ."

"ಕಲೀಬೇಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಾಳೆ ಬನ್ನಿ."

"ಏನು ಕೆಟ್ಟಿದೆ ಅಂತ ಹೇಳಲಿ?"

"ಏನೂ ಕೆಟ್ಟಿಲ್ಲ ಅಂತ ಹೇಳಿ. ನನ್ನ ನೋಡೋಕೆ ಬಂದೆ ಅಂತ ಚಿಕ್ಕಪ್ಪನ ಎದುರಿಗೇ ಹೇಳಿ. ಆಗುತ್ತಾ?"

"ಆಗುತ್ತೆ," ಎಂದ ಅವನು. "ಇಡೀ ಬೀದಿಗೆ ಕೇಳೋ ಹಾಗೆ ಹೇಳ್ತೀನಿ."