ನೂರಿಪ್ಪತ್ತೊಂದನೇ ಫೈಲು

ಮಂಜುಶ್ರೀ ಶಿರಾ ಗೇಟ್‌ನ ನನ್ನ ಸೀಡಿ ಅಂಗಡಿಗೆ ಮೊದಲ ಸಲ ಬಂದದ್ದೇ ಜಗಳಕ್ಕೆ.

"ಒಂದ್ ಸೀಡೀಲಿ ನೂರಿಪ್ಪತ್ ಹಾಡು ಹಿಡಿಯುತ್ತಾ? ಯಾರಿಗ್ರೀ ಟೋಪಿ ಹಾಕ್ತೀರಾ?"

"ಎಂಪಿತ್ರೀ ಮಾಡಿದ್ರೆ ಫೈಲು ಕುಗ್ಗುತ್ತೆ ಮೇಡಂ. ಕೇಳೋರ್ಗೆ ಗೊತ್ತಾಗಲ್ಲ."

"ನೋಡಣ," ಎಂದು ಗುಬ್ಬಿಯ ಆ ಟೀಚರು ಹಾಡಿನ ಪಟ್ಟಿ ಕೊಟ್ಟು ಕಣ್ಣಂಚಿನಲ್ಲೇ ನಕ್ಕಳು. ನಾನು ಅಲ್ಲೇ ಕೆಟ್ಟೆ.

ಅದು 2004. ಆಮೇಲೆ ಪ್ರತಿ ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದಳು, ಒಂದೊಂದು ಹೊಸ ಪಟ್ಟಿ ಹಿಡಿದು. ನಾನು ಬೇಕೆಂದೇ ನಿಧಾನವಾಗಿ ಬರ್ನ್ ಮಾಡುತ್ತಿದ್ದೆ. ಸ್ಪೀಡಾಗಿ ಸುಟ್ಟರೆ ಡಿಸ್ಕು ಹಾಳಾಗುತ್ತದೆಂಬ ನನ್ನ ಸಬೂಬನ್ನು ಅವಳು ನಂಬುತ್ತಿರಲಿಲ್ಲ. ಆದರೂ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು.

ಎದುರಿಗೆ ಹೇಳುವ ಧೈರ್ಯ ನನಗೆಲ್ಲಿಯದು? ಒಂದು ದಿನ ಮೈಕಿನಲ್ಲಿ ನನ್ನ ದನಿಯನ್ನೇ ರೆಕಾರ್ಡ್ ಮಾಡಿ, ಅವಳ ಡಿಸ್ಕಿನ ಕೊನೆಗೆ, ನೂರಿಪ್ಪತ್ತು ಹಾಡಾದ ಮೇಲೆ, ಸೇರಿಸಿದೆ. "ನೀವಂದ್ರೆ ನಂಗೆ ಪ್ರಾಣ. ಇಷ್ಟ ಇದ್ರೆ ಶನಿವಾರ ಹೇಳಿ. ಇಲ್ದಿದ್ರೆ ಏನೂ ಹೇಳ್ಬೇಡಿ, ನಾನೂ ಮತ್ತೆ ಈ ಮಾತು ಎತ್ತಲ್ಲ." ಮನೆಯವರ ಕಿವಿಗೆ ಬಿದ್ದೀತೆಂದು ಅವಳ ಹೆಸರು ಹೇಳಲಿಲ್ಲ.

ಶನಿವಾರ ಬಂದಳು. "ಹಾಡೆಲ್ಲ ಚೆನ್ನಾಗಿದ್ವು," ಎಂದಳು. ಅಷ್ಟೇ. ಕೊಟ್ಟ ಮಾತಿನಂತೆ ನಾನೂ ಬಾಯಿ ಮುಚ್ಚಿಕೊಂಡೆ. ಕಂಡಾಗಲೆಲ್ಲ ಸಂಕಟವಾಗಿ ಮಾತು ಕಡಿಮೆ ಮಾಡಿದೆ. ಕ್ರಮೇಣ ಅವಳು ಬರುವುದೂ ನಿಂತಿತು.

ಐದು ತಿಂಗಳ ಮೇಲೆ ಅದೇ ಡಿಸ್ಕು ಹಿಡಿದು ಬಂದಳು. ಬೆರಳಲ್ಲಿ ಹೊಸ ಉಂಗುರವಿತ್ತು.

"ನಮ್ಮನೆ ಪ್ಲೇಯರ್ರು ತೊಂಬತ್ತೊಂಬತ್ತಕ್ಕೇ ನಿಂತೋಗುತ್ತೆ ಕಾಂತೇಶ್. ಮಿಕ್ಕಿದ್ದು ಸರಿಯಾಗ್ ಬಂದಿಲ್ಲ ಅಂದ್ಕೊಂಡಿದ್ದೆ. ನಿಮಗ್ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಕೆಲವು ಹಳೆಯ ಪ್ಲೇಯರ್‌ಗಳಿಗೆ ಎರಡಂಕಿಯ ಆಚೆ ಎಣಿಸಲು ಬರುವುದಿಲ್ಲ. ಊರಿಗೆಲ್ಲ ಡಿಸ್ಕು ಮಾಡಿಕೊಡುವ ನಾನು, ನಿಮ್ಮ ಮನೆಯಲ್ಲಿರುವುದು ಯಾವುದು ಎಂದು ಅವಳನ್ನು ಕೇಳಿರಲೇ ಇಲ್ಲ.

"ಮೊನ್ನೆ ಕುಣಿಗಲ್‌ಗೆ ಹೋಗ್ವಾಗ ನಾನು ಮದ್ವೆ ಆಗೋರ ಕಾರಲ್ಲಿ ಹಾಕಿದ್ವಿ. ಎಲ್ಲಾ ಬಂತು, ಕೊನೇಲಿ ನಿಮ್ ದನೀನೂ. ಹಿಂದ್ಗಡೆ ಸೀಟಲ್ಲಿ ಅವರಮ್ಮನೂ ಇದ್ರು. ಯಾರೋ ಪಾಪ, ಅಂತ ನಕ್ರು."

"ನೀವು?"

"ನಾನೂ ನಕ್ಕೆ."

"ಅವಾಗ್ಲೇ ಕೇಳ್ಸಿದ್ರೆ?"

"ವಾರವಾರ ಯಾಕ್ ಬರ್ತಿದ್ದೆ ಅಂದ್ಕೊಂಡ್ರಿ? ಅಷ್ಟೊಂದ್ ಹಾಡು ಯಾರಿಗ್ ಬೇಕಿತ್ತು?" ಅವಳು ಉಂಗುರ ತಿರುಗಿಸುತ್ತಾ ಕೂತಳು. "ಈಗ ಮದ್ವೆ ಪತ್ರಿಕೆ ಹಂಚಾಗಿದೆ. ಅದೊಂದ್ ತೆಗ್ದು ಹೊಸದ್ ಮಾಡ್ಕೊಡಿ. ಕಾರಿಗ್ ಬೇಕಂತೆ."

ಕಂಪ್ಯೂಟರಿನಲ್ಲಿ ಉಳಿದಿದ್ದ ಆ ಫೈಲು ಅಳಿಸಲು ಮೌಸ್ ಹಿಡಿದೆ. "ತಡೀರಿ, ಒಂದ್ಸಲ," ಎಂದು ಹೆಡ್‌ಫೋನು ತೆಗೆದು ಕಿವಿಗಿಟ್ಟುಕೊಂಡಳು. ನನ್ನ ಮಾತು ನನಗೆ ಕೇಳಿಸಲಿಲ್ಲ. ಅವಳ ಮುಖ ನೋಡುತ್ತಾ ನಿಂತೆ. ಕಣ್ಣು ತುಂಬಿ ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಮೌಸನ್ನು ತನ್ನತ್ತ ಎಳೆದುಕೊಂಡಳು. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಅವಳು ನನ್ನನ್ನೊಮ್ಮೆ ನೋಡಿ, ಯೆಸ್ ಒತ್ತಿದಳು.